ಎಲೆಕ್ಟ್ರಾನಿಕ್ಸ್ ಹವ್ಯಾಸ ತರಗತಿ: 8 ಮತ್ತು 9ನೇ ತರಗತಿಯ ಪೋಷಕರಿಗೆ ಪತ್ರ

ಉಡುಪಿ

ಮಾನ್ಯ ಪೋಷಕರೇ, ನಮಸ್ಕಾರ.

ಶನಿವಾರ ನಡೆಯುವ ಎಲೆಕ್ಟ್ರಾನಿಕ್ಸ್ ಹವ್ಯಾಸ ತರಗತಿಯಿಂದ ಎಸ್ಸೆಸ್ಸೆಲ್ಸಿಗೆ ಏನು ಪ್ರಯೋಜನ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಹತ್ತನೇ ತರಗತಿಯಲ್ಲಿ ವಿದ್ಯುತ್ತಿನ ಬಗೆಗಿನ ಓಮ್‌ನ ನಿಯಮದ ಪಾಠವಿದೆ ಎಂದು ಹೇಳಿ ನಾನು ಪಾರಾಗಬಹುದು. ಆದರೆ ತರಗತಿ ಆರಂಭಿಸಿದ್ದು ಅಂಕಗಳಿಗಾಗಿ ಅಲ್ಲ.

ಪಂಪು ಹಾಕಿ ಮರೆತು, ಟ್ಯಾಂಕು ತುಂಬಿ ಅಂಗಳಕ್ಕೆಲ್ಲ ನೀರು ಸುರಿಯುವುದು ನಮ್ಮೂರಿನ ಬಾವಿಯಿರುವ ಮನೆಗಳಲ್ಲಿ ಹೊಸದಲ್ಲ. ಮಕ್ಕಳು ಅದಕ್ಕೊಂದು ಅಲಾರಾಂ ಮಾಡಿದ್ದಾರೆ: ಟ್ಯಾಂಕಿನ ಅಂಚಿಗೆ ಎರಡು ತಂತಿ, BC547 ಎಂಬ ಪುಟ್ಟ ಟ್ರಾನ್ಸಿಸ್ಟರ್, ಒಂದು ಬಜರ್, 9 ವೋಲ್ಟ್ ಬ್ಯಾಟರಿ. ನೀರು ಎರಡೂ ತಂತಿಗಳನ್ನು ಮುಟ್ಟಿದಾಗ ಅದರ ಮೂಲಕ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಟ್ರಾನ್ಸಿಸ್ಟರ್ ಅದನ್ನು ನೂರಾರು ಪಟ್ಟು ಹೆಚ್ಚಿಸಿ ಬಜರನ್ನು ಕೂಗಿಸುತ್ತದೆ.

ಪ್ರಯೋಗಾಲಯದಲ್ಲಿ ಬಾವಿಯ ನೀರಿಗೆ ಚೆನ್ನಾಗಿಯೇ ಕೂಗಿದ ಬಜರ್, ಬಕೆಟಿನಲ್ಲಿ ಹಿಡಿದಿಟ್ಟ ಮಳೆನೀರಿಗೆ ಬರೀ ಗೊಣಗಿತು. ತಂತಿ ಸಡಿಲವಾಗಿದೆ, ಬ್ಯಾಟರಿ ಮುಗಿದಿದೆ ಎಂದೆಲ್ಲ ವಾದವಾಯಿತು. ನಿಜವಾದ ಕಾರಣ ಲವಣ. ಕಡಲ ಹತ್ತಿರದ ಬಾವಿಯ ನೀರಿನಲ್ಲಿ ಅದು ಹೆಚ್ಚು, ಮಳೆನೀರಿನಲ್ಲಿ ತೀರಾ ಕಡಿಮೆ. ಲವಣ ಕಡಿಮೆಯಾದಷ್ಟೂ ನೀರು ವಿದ್ಯುತ್ತನ್ನು ಹರಿಯಬಿಡುವುದು ಕಡಿಮೆ. ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿದ ಮೇಲೆ ಮಳೆನೀರಿಗೂ ಜೋರಾಗಿ ಕೂಗಿತು. ಅಷ್ಟರಲ್ಲಿ ಪಾಸಿಟಿವ್ ಕಡೆಯ ತಾಮ್ರದ ತಂತಿ ಹಸಿರುಗಟ್ಟಿ ಸವೆಯತೊಡಗಿತ್ತು. ಈಗ ಸ್ಟೀಲ್ ಸ್ಕ್ರೂ ಹಾಕಿ ನೋಡುತ್ತಿದ್ದಾರೆ. ಇದಾವುದೂ ಪಾಠದಲ್ಲಿ ಇರಲಿಲ್ಲ. ಮೊದಲ ಸಲವೇ ಎಲ್ಲ ಸರಿಯಾಗಿದ್ದರೆ ಯಾರೂ ಕೇಳುತ್ತಲೂ ಇರಲಿಲ್ಲ.

ಆದ್ದರಿಂದಲೇ ಒಂದು ವಿನಂತಿ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಂಗಡಿಯಿಂದ ಸಿದ್ಧ ಮಾದರಿ ತಂದುಕೊಡಬೇಡಿ. ಹೊಳೆಯುವ ಥರ್ಮೋಕೋಲಿನ ಮೇಲೆ ಮಿನುಗುವ ದೀಪಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಯಾವ ತಂತಿ ಎಲ್ಲಿಗೆ ಎಂದು ಕೇಳಿದರೆ ಮಗು ಅಪ್ಪನ ಮುಖ ನೋಡುತ್ತದೆ. ಈ ವರ್ಷ ಬಹುಮಾನಕ್ಕೆ ಮಾದರಿಯ ಜೊತೆ ಮಗು ಬರೆದ ಪುಸ್ತಕವನ್ನೂ ನೋಡುತ್ತೇವೆ: ಏನು ಕೆಟ್ಟಿತು, ಹೇಗೆ ಪತ್ತೆಯಾಯಿತು. ಮಾದರಿ ಆ ದಿನ ಕೆಲಸ ಮಾಡದಿದ್ದರೂ ಪರವಾಗಿಲ್ಲ. ವಿದ್ಯುತ್ತಿನ ಹರಿವನ್ನು ತಡೆದು ಮಿತಿಯಲ್ಲಿಡುವ ರೆಸಿಸ್ಟರ್ ಹಾಕದೆ ಬ್ಯಾಟರಿಗೆ ನೇರವಾಗಿ ಜೋಡಿಸಿದ ಎಲ್‌ಇಡಿ ಸುಟ್ಟುಹೋದರೆ ಗದರಬೇಡಿ. ಅದಕ್ಕೆ ಕೆಲವೇ ರೂಪಾಯಿ. ಮುಂದಿನ ಸಲ 470 ಓಮ್‌ನ ರೆಸಿಸ್ಟರನ್ನು ಅವರೇ ನೆನಪಿಟ್ಟು ಹಾಕುತ್ತಾರೆ.

ಆದರೆ ಸುರಕ್ಷತೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮನೆಯಲ್ಲಿ ಬ್ಯಾಟರಿಯ ಕೆಲಸ ಮಾತ್ರ. 230 ವೋಲ್ಟಿನ ಪ್ಲಗ್ಗಿನ ಹತ್ತಿರ ಯಾವ ಪ್ರಯೋಗವೂ ಕೂಡದು. ಹಳೆಯ ಟಿವಿ, ಯುಪಿಎಸ್, ಚಾರ್ಜರ್ ಬಿಚ್ಚಲು ಬಿಡಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಮೊಬೈಲಿನ ಹಳೆಯ ಬ್ಯಾಟರಿ ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಬೆಸುಗೆ ಹಾಕುವುದು ಶಾಲೆಯಲ್ಲಿ, ಶಿಕ್ಷಕರ ಎದುರಿಗೆ, ಕಿಟಕಿ ತೆರೆದಿಟ್ಟು ಮಾತ್ರ. ಬೆಸುಗೆಯ ತಂತಿಯಲ್ಲಿ ಸಾಮಾನ್ಯವಾಗಿ ಸೀಸ ಇರುವುದರಿಂದ ಕೈ ತೊಳೆಯದೆ ತಿಂಡಿ ಮುಟ್ಟುವಂತಿಲ್ಲ.

ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎಂಬ ಪ್ರಶ್ನೆಯೂ ಬಂತು. ಮಳೆನೀರಿನ ಗುಟ್ಟನ್ನು ಕಂಡುಹಿಡಿದದ್ದು ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು; ನನ್ನ ಉತ್ತರ ಅಷ್ಟೇ.

ಮನೆಯಲ್ಲಿ ಕೆಟ್ಟುಬಿದ್ದಿರುವ ಬ್ಯಾಟರಿ ರೇಡಿಯೋ, ಟಾರ್ಚು, ಆಟದ ಕಾರು ಇದ್ದರೆ ಬ್ಯಾಟರಿ ತೆಗೆದು ಮಗುವಿನ ಕೈಯಲ್ಲಿ ಶುಕ್ರವಾರದೊಳಗೆ ಕಳುಹಿಸಿಕೊಡಿ. ಬಿಚ್ಚಿದ್ದು ಹಾಗೆಯೇ ಮರಳಿ ಬರುತ್ತದೆ ಎಂಬ ಭರವಸೆ ನಾನು ಕೊಡಲಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ