ಎಲ್ಲದಕ್ಕೂ ಒಂದೇ ಬಿಳಿ ಪುಡಿ ಸಾಲದು: ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ,

ಮಾನ್ಯರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಹಿಳಾ ಸ್ವಸಹಾಯ ಸಂಘಗಳು ಮುರುಗಲು (ಕೋಕಂ), ನಿಂಬೆ ಸ್ಕ್ವಾಷ್‌ನಿಂದ ಹಿಡಿದು ಹಲಸಿನ ಚಿಪ್ಸ್‌ವರೆಗೆ ಮಾಡಿ ಮಾರುತ್ತಿವೆ. ಕೆಡದಂತೆ ಇಡಲು ಏನು ಹಾಕಬೇಕು ಎಂದರೆ ಮಾತ್ರ "ಒಂದು ಚಿಟಿಕೆ ಪುಡಿ" ಎಂಬ ಉತ್ತರವೇ ಹೆಚ್ಚು. ಯಾವ ಪುಡಿ? ಎಷ್ಟು ಕೆಜಿಗೆ? ಸಂಘಗಳ ತರಬೇತಿ ನಿಮ್ಮ ಕೈಯಲ್ಲಿರುವುದರಿಂದ ಈ ಪತ್ರ.

ಮುರುಗಲಿಗೆ ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಹಾಕಿದರೆ ಅದರಿಂದ ಹೊರಡುವ ಸಲ್ಫರ್ ಡೈಆಕ್ಸೈಡ್ ಕೆಂಪು ಬಣ್ಣವನ್ನೇ ಬಿಳಿಚಿಸುತ್ತದೆ. ಅಲ್ಲಿ ಸೋಡಿಯಂ ಬೆಂಜೊಯೇಟ್ ಬೇಕು: 10 ಕೆಜಿ ಸ್ಕ್ವಾಷಿಗೆ ಹೆಚ್ಚೆಂದರೆ 7 ಗ್ರಾಂ. ನಿಂಬೆಗೆ ಇದೇ ಬೆಂಜೊಯೇಟ್ ಬೇಡ. ವಿಟಮಿನ್ ಸಿ ಜೊತೆ ಸೇರಿ, ಬಿಸಿಲು–ಶಾಖ ತಗುಲಿದರೆ, ಅದರಿಂದ ಅಲ್ಪ ಪ್ರಮಾಣದಲ್ಲಿ, ಕ್ಯಾನ್ಸರ್‌ಕಾರಕವಾದ ಬೆಂಜೀನ್ ಹುಟ್ಟಬಹುದು. ನಿಂಬೆ, ನೆಲ್ಲಿಗೆ ಕೆಎಂಎಸ್ ಸರಿ. 10 ಕೆಜಿಗೆ 6 ಗ್ರಾಂ ಮೀರಬಾರದು. ಅದನ್ನು ಕುದಿಯುವ ಪಾತ್ರೆಗೆ ಸುರಿದರೆ ಅನಿಲವೆಲ್ಲ ಆವಿಯೊಂದಿಗೆ ಹೋಗುತ್ತದೆ. ತಣಿದ ಮೇಲೆ, ಸ್ವಲ್ಪ ನೀರಿನಲ್ಲಿ ಕರಗಿಸಿ ಬೆರೆಸಬೇಕು. ನಮ್ಮ ಮಳೆಗಾಲದ ತೇವಕ್ಕೆ ಮುಚ್ಚಳ ಸಡಿಲವಾದ ಡಬ್ಬಿಯ ಕೆಎಂಎಸ್ ಬಲವನ್ನೇ ಕಳೆದುಕೊಳ್ಳುತ್ತದೆ; ಆಮೇಲೆ ತೂಕ ಸರಿಯಿದ್ದರೂ ಸ್ಕ್ವಾಷ್ ಹುಳಿಯುತ್ತದೆ. ಕೆಎಂಎಸ್‌ನಂತಹ ಸಲ್ಫೈಟ್ ಕೆಲವು ಆಸ್ತಮಾ ರೋಗಿಗಳಿಗೆ ಆಗದು, ಆದ್ದರಿಂದ ಲೇಬಲ್‌ನಲ್ಲಿ ಬರೆಯಲೇಬೇಕು.

ಬೆಂಜೊಯೇಟ್ ಕೆಲಸ ಮಾಡುವುದು ಹುಳಿಯಲ್ಲಿ ಮಾತ್ರ. ಹುಳಿಯ ಅಳತೆ ಪಿಎಚ್, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 4.2ರಲ್ಲಿ ಬೆಂಜೊಯೇಟಿನ ಅರ್ಧದಷ್ಟು ಪರಿಣಾಮಕಾರಿ, 5.2ಕ್ಕೆ ಹೋದರೆ ಹತ್ತರಲ್ಲೊಂದು ಪಾಲು. ಸಿಹಿ ಹಲಸಿನ ತೊಳೆಯ ತಿರುಳು ಅಷ್ಟು ಹುಳಿಯಲ್ಲ. ಮೊದಲು ಸಿಟ್ರಿಕ್ ಆಮ್ಲದಿಂದ ಪಿಎಚ್ 4ಕ್ಕಿಂತ ಕೆಳಗಿಳಿಸದೆ ಎಷ್ಟು ಬೆಂಜೊಯೇಟ್ ಸುರಿದರೂ ವ್ಯರ್ಥ. ಅಪ್ಪೆಮಿಡಿ ಉಪ್ಪಿನಕಾಯಿಗಂತೂ ಉಪ್ಪೇ ಮುಖ್ಯ. ರುಚಿಗೆಂದು ಉಪ್ಪು ಇಳಿಸಿ, ಆಮೇಲೆ ಪುಡಿಯ ಮೇಲೆ ಭಾರ ಹಾಕುವುದು ನಮಗೆ ಸರಿ ಕಾಣುವುದಿಲ್ಲ.

ಚಿಪ್ಸ್‌ನ ಕಥೆ ಬೇರೆ. ಅಲ್ಲಿ ಕೆಡುವುದು ಎಣ್ಣೆ, ಬೂಷ್ಟಿನಿಂದಲ್ಲ, ಗಾಳಿಯ ಆಮ್ಲಜನಕದಿಂದ. ಆ ಕಮಟು ವಾಸನೆಗೆ ಬೆಂಜೊಯೇಟ್, ಕೆಎಂಎಸ್ ಎರಡೂ ಮದ್ದಲ್ಲ. ಟಿಬಿಎಚ್‌ಕ್ಯೂನಂತಹ ಉತ್ಕರ್ಷಣ ನಿರೋಧಕ ಬೇಕು. ಮಿತಿ ಕೆಜಿ ಎಣ್ಣೆಗೆ 0.2 ಗ್ರಾಂ, 15 ಕೆಜಿ ಡಬ್ಬಿಗೆ 3 ಗ್ರಾಂ. ಆದರೆ ಅನೇಕ ರಿಫೈನ್ಡ್ ಎಣ್ಣೆಗಳಲ್ಲಿ ಅದು ಮೊದಲೇ ಇರುತ್ತದೆ. ಡಬ್ಬಿಯ ಮೇಲೆ ಅದರ ಸಂಕೇತ ಸಂಖ್ಯೆ 319 ಎಂದಿದ್ದರೆ ಮತ್ತೆ ಹಾಕುವುದು ತಪ್ಪು. ತೆಂಗಿನೆಣ್ಣೆಯಲ್ಲಿ ಕರಿಯುವವರಿಗೆ ಬಹುಮಟ್ಟಿಗೆ ಇದರ ಅಗತ್ಯವೇ ಬೀಳದು, ಅದರ ಕೊಬ್ಬು ಸುಲಭಕ್ಕೆ ಆಮ್ಲಜನಕ ಹಿಡಿಯುವುದಿಲ್ಲ. ಪಾರದರ್ಶಕ ಕವರನ್ನು ಅಂಗಡಿ ಮುಂದೆ ಬಿಸಿಲಿಗೆ ನೇತುಹಾಕಿದರೆ ಮಾತ್ರ ಯಾವ ಪುಡಿಯೂ ಕಾಪಾಡದು.

ನಮ್ಮ ಕೋರಿಕೆ ದೊಡ್ಡದಲ್ಲ. ಪ್ರತಿ ಘಟಕಕ್ಕೆ 0.1 ಗ್ರಾಂವರೆಗೆ ತೂಗುವ ಒಂದು ತಕ್ಕಡಿ, ಒಂದು ಪಿಎಚ್ ಮೀಟರ್ ಹಾಗೂ ಅದನ್ನು ಸರಿಹೊಂದಿಸುವ ಪಿಎಚ್ 4 ಮತ್ತು 7ರ ಬಫರ್ ದ್ರಾವಣ ಕೊಡಿಸಿ. ಕೆಎಂಎಸ್ ಅನ್ನು ದೊಡ್ಡ ಡಬ್ಬಿಯಲ್ಲಿ ಹಂಚದೆ, ದಿನಾಂಕ ಹಾಕಿದ ಸಣ್ಣ ಪೊಟ್ಟಣಗಳಲ್ಲಿ ಕೊಡಿ. ಮುಂದಿನ ತರಬೇತಿಗೆ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನೂ ಕರೆಸಿ. ಮುರುಗಲು ಹಣ್ಣಾಗುವುದು ಬೇಸಿಗೆಯಲ್ಲಿ, ಅಷ್ಟರೊಳಗೆ ಇದು ಆಗಬೇಕು.

ಇತಿ,
ಮಲೆನಾಡಿನ ಹಣ್ಣು ಸಂಸ್ಕರಣೆಯಲ್ಲಿ ತೊಡಗಿರುವವರು