ಭಾನುವಾರ ತಗಡು ಬಡಿಯಲು ಬರುವವರ ಗಮನಕ್ಕೆ

ಸ್ನೇಹಿತರೇ, ಈ ವಾರ ಬಟ್ಟಲಿನ ಆಕಾರ ತರುವುದನ್ನು ಕಲಿಯೋಣ. ಸುಮಾರು 1 ಮಿಲಿಮೀಟರ್ ದಪ್ಪದ ಮೆದು ಅಲ್ಯೂಮಿನಿಯಂ ತಗಡು ತನ್ನಿ. ಉಕ್ಕಿನ ಆಸೆ ಸದ್ಯಕ್ಕೆ ಬೇಡ; ತೋಳಿನ ಜೊತೆ ಉತ್ಸಾಹವೂ ಸೋಲುತ್ತದೆ. ಸತು ಲೇಪಿಸಿದ ತಗಡನ್ನಂತೂ ತರಲೇಬೇಡಿ. ಅದನ್ನು ಜೋರಾಗಿ ಕಾಯಿಸಿದರೆ ಏಳುವ ಹೊಗೆ ಜ್ವರ ಬರಿಸುತ್ತದೆ.

ಮರದ ಕೊಡತಿ ನಿಮ್ಮದೇ ಇರಲಿ, ಮರಳಿನ ಚೀಲ ಇಲ್ಲಿದೆ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಬಡಿಯಬೇಕು. ಅಂಚಿನಲ್ಲಿ ನೆರಿಗೆ ಕಂಡರೆ ಚಿಕ್ಕದಿರುವಾಗಲೇ ತಟ್ಟಿ ಕೂರಿಸಿ. ಮಡಿಚಿಕೊಂಡ ನೆರಿಗೆ ಮುಂದೆ ಸೀಳುತ್ತದೆ.

ಬಡಿದಷ್ಟೂ ತಗಡು ಗಡುಸಾಗುತ್ತದೆ. ಏಟಿಗೆ ಬಗ್ಗದೆ ಕೊಡತಿ ಪುಟಿಯತೊಡಗಿದರೆ ಕಾಯಿಸಿ ಮೆದುಗೊಳಿಸುವ ಹೊತ್ತು ಬಂದಿದೆ ಎಂದರ್ಥ. ತಾಮ್ರವಾದರೆ ಕೆಂಪಗಾಗಿ ಸೂಚನೆ ಕೊಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ, 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಪಾಗದೆಯೇ ಕರಗಿಬಿಡುತ್ತದೆ. ಅದಕ್ಕೇ ಮೇಲೆ ಬಟ್ಟೆ ಸೋಪು ಸವರಿ, ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಕಾಯಿಸುವುದು. ಸೋಪು ಕಪ್ಪಾದೊಡನೆ ಬೆಂಕಿ ತೆಗೆಯಿರಿ, ಇನ್ನೊಂದು ಚೂರು ಕಾಯಲಿ ಎನ್ನಬೇಡಿ. ಈ ಕೆಲಸವನ್ನು ಅಂಗಳದಲ್ಲಿ ಮಾತ್ರ ಮಾಡೋಣ.

ಕತ್ತರಿಸಿದ ಅಂಚನ್ನು ಅರದಿಂದ ಉಜ್ಜುವವರೆಗೆ ಕೈಗವಸು ಕಡ್ಡಾಯ. ಕಿವಿಗೆ ಹತ್ತಿ ಸಾಲದು, ಸರಿಯಾದ ಕಿವಿಮುಚ್ಚಿಗೆ ಬೇಕು. ಹತ್ತಿರದ ಗ್ಯಾರೇಜಿನಲ್ಲಿ ಟಿಂಕರಿಂಗ್ ಮೇಸ್ತ್ರಿ ಇದ್ದರೆ ಅಷ್ಟರೊಳಗೆ ಅರ್ಧ ಗಂಟೆ ನಿಂತು ನೋಡಿ ಬನ್ನಿ. ಎಷ್ಟು ಹಗುರವಾಗಿ ಬಡಿಯುತ್ತಾರೆ ಎಂಬುದನ್ನು ಗಮನಿಸಿ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.