ಅಳಿಸಿಹಾಕುವುದು ರಿಪೇರಿಯೇ?

ಮಾನ್ಯರೇ,

ಸಂಜೆ ಚಹಾದ ಹೊತ್ತಿಗೆ ಟ್ಯಾಬ್ ತೆರೆದು ಶಿರಸಿ ಪೇಟೆಯ ರಾಶಿ, ಚಾಲಿ, ಬೆಟ್ಟೆ ಅಡಿಕೆಯ ದರ ನೋಡುವುದು ನನ್ನ ರೂಢಿ. ದೀಪಾವಳಿಯ ಆಚೀಚೆ ಕಾಟ ಶುರುವಾಯಿತು. ಕ್ರೋಮ್ ತೆರೆದರೆ ದರದ ಬದಲು ಬಹುಮಾನದ ಚಕ್ರ, ರಮ್ಮಿ, ‘ನಿಮ್ಮ ಟ್ಯಾಬ್‌ಗೆ 13 ವೈರಸ್ ತಗುಲಿದೆ’ ಎಂಬ ಕೆಂಪು ಫಲಕ. ಸುಮ್ಮನೆ ಮೇಜಿನ ಮೇಲಿಟ್ಟರೂ ತಾನಾಗಿ ತೆರೆದುಕೊಳ್ಳುತ್ತಿತ್ತು. ಫಲಕ ಹೇಳಿದ ‘ಕ್ಲೀನರ್’ ಆ್ಯಪ್ ಹಾಕಿಕೊಳ್ಳಲಿಲ್ಲ. ಅಷ್ಟು ಬುದ್ಧಿ ಉಳಿದಿತ್ತು.

ಪೇಟೆಯ ಅಂಗಡಿಯೊಂದರಲ್ಲಿ ಹತ್ತು ನಿಮಿಷದಲ್ಲಿ ‘ವೈರಸ್ ಹೊಡೆದು’ 600 ರೂಪಾಯಿ ಪಡೆದರು. ಹೊಡೆದದ್ದು ವೈರಸ್ಸನ್ನಲ್ಲ, ಫ್ಯಾಕ್ಟರಿ ರೀಸೆಟ್ ಮಾಡಿ ಇದ್ದದ್ದನ್ನೆಲ್ಲ ಅಳಿಸಿದ್ದರು. ತೀರಿಕೊಂಡ ಆಯಿ ಹಾಡಿದ್ದ ಹಸೆಹಾಡುಗಳ ಧ್ವನಿಮುದ್ರಣ ಅದರಲ್ಲಿತ್ತು. ಕೇಳಿದ್ದರೆ ಹೇಳುತ್ತಿದ್ದೆ, ಕೇಳಲಿಲ್ಲ. ಮನೆಗೆ ಬಂದು ಗೂಗಲ್ ಖಾತೆ ಹಾಕಿದೆ. ಹಳೆಯ ಆ್ಯಪ್‌ಗಳೆಲ್ಲ ಬ್ಯಾಕಪ್‌ನಿಂದ ಸಾಲಾಗಿ ಮರಳಿ ಬಂದವು. ಮಾರನೆಯ ದಿನ ಚಕ್ರವೂ ಹಾಜರು! ಬಂದಳಿಕೆ ಹತ್ತಿತೆಂದು ಮಾವಿನ ಮರವನ್ನೇ ಕಡಿದು, ಹೊಸ ಗಿಡಕ್ಕೆ ಅದೇ ಬಂದಳಿಕೆಯ ಬೀಜ ಅಂಟಿಸಿದಂತಾಯಿತು.

ಕೊನೆಗೆ ಹುಬ್ಬಳ್ಳಿಯಲ್ಲಿರುವ ಮಗಳು ಫೋನಿನಲ್ಲೇ ದಾರಿ ತೋರಿಸಿದಳು. ಅದೇ ವೈಫೈನಲ್ಲಿ ಮನೆಯವಳ ಮೊಬೈಲ್ ಸರಿಯಿದೆಯೇ ಎಂದು ಮೊದಲು ಕೇಳಿದಳು. ಸರಿಯಿತ್ತು, ಹಾಗಾದರೆ ದೋಷ ಟ್ಯಾಬ್‌ನದೇ. ಪವರ್ ಗುಂಡಿ ಒತ್ತಿ ಹಿಡಿದು, ‘ಪವರ್ ಆಫ್’ ಎಂದು ಕಂಡಾಗ ಅದರ ಮೇಲೆ ಬೆರಳು ಹಾಗೆಯೇ ಇಟ್ಟರೆ ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಆ ಸ್ಥಿತಿಯಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಎರಡು ದಿನ ಹಾಗೇ ಬಳಸಿದೆ, ಚಕ್ರದ ಸುಳಿವಿಲ್ಲ. ಕಳ್ಳ ಆ್ಯಪ್‌ಗಳ ನಡುವೆಯೇ ಇದ್ದಾನೆಂದು ಖಾತ್ರಿಯಾಯಿತು. ಟ್ಯಾಬನ್ನು ಮತ್ತೆ ಮಾಮೂಲಿ ಸ್ಥಿತಿಗೆ ತಂದು, ಇತ್ತೀಚಿನದರಿಂದ ಹಿಂದಕ್ಕೆ ಒಂದೊಂದು ಆ್ಯಪನ್ನೇ ತೆಗೆಯುತ್ತ ಹೋದೆ. ಮೂರನೆಯದು, ಎಂದೋ ಹಾಕಿ ಮರೆತಿದ್ದ ಕ್ಯೂಆರ್ ಸ್ಕ್ಯಾನರ್, ಹೋದ ಮೇಲೆ ಬ್ರೌಸರ್ ತಾನಾಗಿ ತೆರೆಯುವುದು ನಿಂತಿತು. ಇತರ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿಯನ್ನು ಅದಕ್ಕೆ ನಾನೇ ಕೊಟ್ಟಿದ್ದೆ. ಆದರೂ ರಮ್ಮಿಯ ಸೂಚನೆಗಳು ಬರುತ್ತಲೇ ಇದ್ದವು. ನಾನು ರೋಬೋಟ್ ಅಲ್ಲವೆಂದು ಸಾಬೀತುಪಡಿಸಲು ಯಾವುದೋ ಜಾಲತಾಣದಲ್ಲಿ ‘ಅಲೋ’ (ಅನುಮತಿಸು) ಒತ್ತಿದ್ದರ ಫಲ ಅದು. ಕ್ರೋಮ್‌ನ ಸೈಟ್ ಸೆಟ್ಟಿಂಗ್‌ನಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದರೆ, ನಾನು ಹೆಸರೂ ಕೇಳದ ಏಳು ತಾಣಗಳು ಕುಳಿತಿದ್ದವು. ಎಲ್ಲವನ್ನೂ ತಡೆದೆ. ಖರ್ಚು ಸೊನ್ನೆ.

ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ: ಅಳಿಸುವ ಮುನ್ನ ಗಿರಾಕಿಯನ್ನು ಕೇಳಿ, ಸೇಫ್ ಮೋಡ್‌ನಲ್ಲಿ ಒಮ್ಮೆ ನೋಡಿ. ತಮ್ಮ ಪತ್ರಿಕೆಗೂ ಒಂದು ಮಾತು. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂದು ಮಳೆಗಾಲದ ಮುನ್ನ ಕೃಷಿ ಪುಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ಅಳತೆ ಮುದ್ರಿಸುತ್ತೀರಿ. ಅಷ್ಟೇ ದಪ್ಪ ಅಕ್ಷರದಲ್ಲಿ ಈ ಮದ್ದನ್ನೂ ಒಮ್ಮೆ ಅಚ್ಚು ಹಾಕಿ.

– ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು